ಯಂತ್ರ ನಿಲ್ಲಿಸಿದರೆ ಸಾಲದು, ಕರೆಂಟೂ ಬರಬೇಕು

ಶಿವಮೊಗ್ಗದ ಬಸ್ ಸ್ಟ್ಯಾಂಡಿಗೆ ಬೆಂಗಳೂರಿನ ಕರೆಂಟು ಬಸ್ಸು ಸದ್ದಿಲ್ಲದೆ ಬಂದು ನಿಂತರೆ ಈಗ ಯಾರೂ ಹೊರಳಿ ನೋಡುವುದಿಲ್ಲ. 2023ರಲ್ಲಿ ಕೆಎಸ್ಸಾರ್ಟಿಸಿಯವರು ಬೆಂಗಳೂರಿನಿಂದ ಮೈಸೂರು, ಮಡಿಕೇರಿ, ಚಿಕ್ಕಮಗಳೂರು, ದಾವಣಗೆರೆ, ಶಿವಮೊಗ್ಗ ಕಡೆಗೆ 'ಇವಿ ಪವರ್ ಪ್ಲಸ್' ಎಂಬ 50 ಬಸ್ಸುಗಳನ್ನು ಬಿಡಲು ಹೊರಟರು. ದಿಲ್ಲಿ ಸರ್ಕಾರದ 'ಫೇಮ್' ಯೋಜನೆಯ ಎರಡನೇ ಹಂತದ ಅನುದಾನ ಅದಕ್ಕಿತ್ತು. ಬಸ್ಸಿನ ಮಾತು ಬೇರೆ. ಅದಕ್ಕೆ ಡಿಪೋ ಉಂಟು, ಡಿಪೋದಲ್ಲಿ ಯಂತ್ರ ಉಂಟು, ರಾತ್ರಿ ಚಾರ್ಜು ಹಾಕುವುದಕ್ಕೆ ಸಂಬಳದ ಜನ ಉಂಟು. ಆದರೆ ಬಸ್ ಸ್ಟ್ಯಾಂಡಿನ ಹೊರಗೆ ನಿಂತ ಕರೆಂಟು ಆಟೋದವನಿಗೆ, ಗಾಂಧಿ ಬಜಾರಿಗೆ ಸರಕು ತರುವ ಗೂಡ್ಸ್ ಗಾಡಿಯವನಿಗೆ, ಸಾಲ ಮಾಡಿ ಕರೆಂಟು ಕಾರು ಕೊಂಡು ಟ್ಯಾಕ್ಸಿ ಓಡಿಸುವ ಹುಡುಗನಿಗೆ ಡಿಪೋ ಎಲ್ಲಿದೆ?

ಅವರಿಗಾಗಿಯೇ ಸರ್ಕಾರ ದುಡ್ಡು ಇಟ್ಟಿದೆ. ಸಣ್ಣ ದುಡ್ಡೂ ಅಲ್ಲ. 'ಪಿಎಂ ಇ-ಡ್ರೈವ್' ಎಂಬ ಹೆಸರಿನಲ್ಲಿ 2024ರ ಅಕ್ಟೋಬರಿನಿಂದ ಜಾರಿಗೆ ಬಂದ ಯೋಜನೆಯ ಒಟ್ಟು ಗಾತ್ರ 10,900 ಕೋಟಿ ರೂಪಾಯಿ. ಅದರಲ್ಲಿ 2,000 ಕೋಟಿ ಬರೀ ಸಾರ್ವಜನಿಕ ಚಾರ್ಜಿಂಗ್ ಸ್ಟೇಷನ್ನುಗಳ ಬಾಬ್ತು. ಕಾರುಗಳಿಗೆ 22,100, ಬಸ್ಸುಗಳಿಗೆ 1,800, ದ್ವಿಚಕ್ರ ಮತ್ತು ಆಟೋಗಳಿಗೆ 48,400, ಒಟ್ಟು 72,300 ಯಂತ್ರಗಳು ದೇಶದ ಉದ್ದಗಲಕ್ಕೂ ಏಳಬೇಕು ಎಂಬುದು ಲೆಕ್ಕ. ಯೋಜನೆಯ ಮೊದಲಿನ ಗಡುವು 2026ರ ಮಾರ್ಚ್ 31. ಮುಂದೆ ಅದನ್ನು 2028ರ ಮಾರ್ಚ್‌ವರೆಗೆ ಎಳೆದರು. ಹಾಗೆ ಎಳೆಯದೆ ವಿಧಿಯಿರಲಿಲ್ಲ. ಯೋಜನೆ ಘೋಷಣೆಯಾಗಿ ಹೆಚ್ಚುಕಡಿಮೆ ಒಂದು ವರ್ಷ ಕಳೆದ ಮೇಲೆ, 2025ರ ಸೆಪ್ಟೆಂಬರ್ 26ರಂದು, ಚಾರ್ಜಿಂಗ್ ಸ್ಟೇಷನ್ನಿಗೆ ದುಡ್ಡು ಹೇಗೆ ಕೊಡಬೇಕು ಎಂಬ ಮಾರ್ಗಸೂಚಿಯೇ ಹೊರಬಂತು. ಮದುವೆ ಗೊತ್ತಾಗಿ ವರ್ಷವಾದ ಮೇಲೆ ಲಗ್ನಪತ್ರಿಕೆ ಅಚ್ಚಾದಂತೆ!

ಇರಲಿ. ಈಗ ಮಾರ್ಗಸೂಚಿ ಏನು ಹೇಳುತ್ತದೆ ಎಂಬುದನ್ನು ಅಂಗಡಿ ಬೀದಿಯ ಲೆಕ್ಕದಲ್ಲಿ ನೋಡೋಣ.

ಒಂದು ಚಾರ್ಜಿಂಗ್ ಸ್ಟೇಷನ್ನಿನ ಖರ್ಚಿನಲ್ಲಿ ಎರಡು ಭಾಗ. ಒಂದು, ಕಣ್ಣಿಗೆ ಕಾಣುವ ಯಂತ್ರ. ಇನ್ನೊಂದು, ಯಂತ್ರದ ತನಕ ಕರೆಂಟು ತರುವ ಟ್ರಾನ್ಸ್‌ಫಾರ್ಮರ್, ಕೇಬಲ್ಲು, ಪ್ಯಾನೆಲ್ಲು, ಮೀಟರು. ಜನ ಮೊದಲನೆಯದನ್ನು ನೋಡುತ್ತಾರೆ, ಹಣ ನುಂಗುವುದು ಎರಡನೆಯದೂ ಅಷ್ಟೇ. ಕಾರಿಗೆ ಬೇಗ ಚಾರ್ಜು ತುಂಬುವ 50 ಕಿಲೋವ್ಯಾಟ್ ಯಂತ್ರಕ್ಕೆ ಸರ್ಕಾರ ಹಾಕಿರುವ ಅಂದಾಜು ದರ 7.25 ಲಕ್ಷ, ಕರೆಂಟು ತರುವ ವ್ಯವಸ್ಥೆಗೆ 6.04 ಲಕ್ಷ. ಎರಡೂ ಸೇರಿದರೆ 13.29 ಲಕ್ಷ.

ಸರ್ಕಾರಿ ಕಚೇರಿ, ಆಸ್ಪತ್ರೆಯ ಆವರಣದಂಥ ಜಾಗದಲ್ಲಿ ಹಾಕಿ, ಯಾರು ಬೇಕಾದರೂ ಬಂದು ಬಳಸಲು ಬಿಟ್ಟರೆ ಈ 13.29 ಲಕ್ಷವೂ ಸರ್ಕಾರದ್ದೇ. ಬಸ್ ನಿಲ್ದಾಣ, ರೈಲ್ವೆ ನಿಲ್ದಾಣ, ಸರ್ಕಾರಿ ತೈಲ ಕಂಪನಿಗಳ ಪೆಟ್ರೋಲ್ ಬಂಕಿನಂಥ ಕಡೆ ಕರೆಂಟಿನ ವ್ಯವಸ್ಥೆಗೆ ನೂರಕ್ಕೆ 80, ಯಂತ್ರಕ್ಕೆ ನೂರಕ್ಕೆ 70. ಅಂದರೆ ಸುಮಾರು 9.90 ಲಕ್ಷ ಸರ್ಕಾರದ್ದು, ಉಳಿದ 3.39 ಲಕ್ಷ ಹಾಕುವವರದ್ದು. ಪೇಟೆ ಬೀದಿ, ಮಾಲು, ಹೆದ್ದಾರಿ ಬದಿಯಂಥ ಉಳಿದ ಜಾಗಗಳಲ್ಲಿ ಕರೆಂಟಿನ ವ್ಯವಸ್ಥೆಗೆ ಮಾತ್ರ ನೂರಕ್ಕೆ 80, ಯಂತ್ರಕ್ಕೆ ಬಿಡಿಗಾಸೂ ಇಲ್ಲ. 4.83 ಲಕ್ಷ ಸರ್ಕಾರದ್ದು, 8.46 ಲಕ್ಷ ಕೈಯಿಂದ.

ಹೆದ್ದಾರಿ ಬದಿಯಲ್ಲಿ ಹೋಟೆಲು ಇಟ್ಟವರು, ಅಂಗಡಿ ಮುಂದೆ ನಾಲ್ಕು ಕಾರು ನಿಲ್ಲುವ ಜಾಗ ಇದ್ದವರು "ಹಾಗಾದರೆ ನಾವೂ ಅರ್ಜಿ ಹಾಕೋಣ, ಐದು ಲಕ್ಷ ಬಂದರೂ ಬಂತು" ಎಂದುಕೊಳ್ಳಬಹುದು. ಇಲ್ಲೇ ಎಚ್ಚರಿಕೆ ಬೇಕಾದದ್ದು. ಖಾಸಗಿಯವರು ನೇರವಾಗಿ ಅರ್ಜಿ ಹಾಕುವ ಹಾಗಿಲ್ಲ. ಕೇಂದ್ರದ ಇಲಾಖೆಗಳು, ಕೇಂದ್ರದ ಕಂಪನಿಗಳು, ರಾಜ್ಯ ಸರ್ಕಾರ, ಅದರ ನಿಗಮಗಳು, ಇವರೇ ಪಟ್ಟಿ ಮಾಡಿ ಕಳಿಸಬೇಕು. ಆಮೇಲೆ ಟೆಂಡರು ಕರೆದು ನಡೆಸುವ ಕಂಪನಿಗೆ ವಹಿಸಬಹುದು. ಆದ್ದರಿಂದ "ಸಬ್ಸಿಡಿ ಮಾಡಿಸಿಕೊಡ್ತೀವಿ, ರಿಜಿಸ್ಟ್ರೇಷನ್ ಫೀಸು ಕಟ್ಟಿ" ಅಂತ ಯಾರಾದರೂ ಬ್ಯಾಗು ಹಿಡಿದು ಅಂಗಡಿ ಮೆಟ್ಟಿಲು ಹತ್ತಿದರೆ, ಒಂದು ಕಾಫಿ ಕುಡಿಸಿ ಕಳಿಸುವುದು ಕ್ಷೇಮ. ಫೀಸು ಕಟ್ಟುವುದು ಬೇಡ.

ಸಬ್ಸಿಡಿ ಇಲ್ಲದೆಯೂ ಸ್ಟೇಷನ್ ಹಾಕಲು ಯಾರಿಗೂ ಅಡ್ಡಿಯಿಲ್ಲ, ಲೈಸೆನ್ಸೂ ಬೇಕಿಲ್ಲ. ಆದರೆ ಅಸಲು ಹುಟ್ಟಬೇಕಲ್ಲ? ಸಬ್ಸಿಡಿ ಕಳೆದು 8.46 ಲಕ್ಷ ಹಾಕಿದವರಿಗೆ ಒಂದು ಯೂನಿಟ್ಟಿಗೆ ಕರೆಂಟು ಬಿಲ್ಲು ಕಳೆದು ನಾಲ್ಕು ರೂಪಾಯಿ ಉಳಿಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ ಎರಡು ಕಾರು ಬಂದು ಇಪ್ಪತ್ತೈದು ಇಪ್ಪತ್ತೈದು ಯೂನಿಟ್ ತುಂಬಿಸಿಕೊಂಡರೆ ಅಸಲು ಕೈಗೆ ಬರಲು ಹನ್ನೊಂದೂವರೆ ವರ್ಷ. ಅಷ್ಟರೊಳಗೆ ಯಂತ್ರ ಗುಜರಿ. ದಿನಕ್ಕೆ ಹತ್ತು ಕಾರು ಬಂದರೆ ಎರಡು ವರ್ಷ ನಾಲ್ಕು ತಿಂಗಳು. ಬಡ್ಡಿ, ಬಾಡಿಗೆ, ಆಳಿನ ಸಂಬಳ ಇದರಲ್ಲಿ ಸೇರಿಲ್ಲ. ಕಾರು ಇಲ್ಲ ಅಂತ ಸ್ಟೇಷನ್ ಇಲ್ಲ, ಸ್ಟೇಷನ್ ಇಲ್ಲ ಅಂತ ಜನ ಕಾರು ಕೊಳ್ಳುವುದಿಲ್ಲ. ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯೇ ಸರಿ. ಈ ಗಂಟು ಬಿಡಿಸುವುದಕ್ಕೇ ಅನುದಾನ ಇರುವುದು. ಆದರೆ ಹತ್ತು ಕಾರು ಬರುವ ಜಾಗಕ್ಕೆ ಅನುದಾನ ಇಲ್ಲದೆಯೂ ಕಂಪನಿಗಳು ಓಡಿ ಬರುತ್ತವೆ. ಎರಡು ಕಾರು ಬರುವ ಊರಿಗೇ ಸರ್ಕಾರದ ದುಡ್ಡು ಬೇಕಾದದ್ದು.

ಇದುವರೆಗೆ ಹಾಗಾಯಿತೇ? ಕರ್ನಾಟಕಕ್ಕೆ ಈ ವಿಷಯದಲ್ಲಿ ಹೆಸರು ದೊಡ್ಡದು. 2017ರಲ್ಲೇ ವಿದ್ಯುತ್ ವಾಹನ ನೀತಿ ತಂದ ಮೊದಲ ರಾಜ್ಯ ನಮ್ಮದು. 2024ರ ಆರಂಭದ ಕೇಂದ್ರದ ಲೆಕ್ಕದಲ್ಲಿ 5,059 ಸಾರ್ವಜನಿಕ ಸ್ಟೇಷನ್ನುಗಳೊಂದಿಗೆ ದೇಶಕ್ಕೇ ಮೊದಲು, ಮಹಾರಾಷ್ಟ್ರ ಎರಡನೆಯದು. ಎದೆ ಉಬ್ಬಿಸುವ ಸಂಗತಿಯೇ. ಆದರೆ ಆ 5,059ರಲ್ಲಿ 4,281 ಇದ್ದದ್ದು ಬೆಂಗಳೂರು ನಗರ ಜಿಲ್ಲೆ ಒಂದರಲ್ಲೇ! ಉಳಿದ 778ನ್ನು ಮೂವತ್ತು ಜಿಲ್ಲೆಗಳಿಗೆ ಹಂಚಿದರೆ ಜಿಲ್ಲೆಗೆ ಇಪ್ಪತ್ತಾರು. ಮಲೆನಾಡಿನ ಜಿಲ್ಲೆಯಲ್ಲಿ ಸಾಗರ, ಸೊರಬ, ತೀರ್ಥಹಳ್ಳಿ, ಹೊಸನಗರ ಎಂದು ತಾಲ್ಲೂಕುವಾರು ಹಂಚುತ್ತಾ ಹೋದರೆ ಎಲೆಗೆ ಎಷ್ಟು ಬೀಳುತ್ತದೆ ಎಂದು ಯಾರಾದರೂ ಹೇಳಬಹುದು. ಚಾರ್ಜಿಂಗ್ ಸ್ಟೇಷನ್ನುಗಳ ವಿಷಯದಲ್ಲಿ ಇಡೀ ರಾಜ್ಯಕ್ಕೆ ನೋಡಲ್ ಸಂಸ್ಥೆ ಬೆಸ್ಕಾಂ. ಶಿವಮೊಗ್ಗಕ್ಕೆ ಕರೆಂಟು ಕೊಡುವುದು ಮೆಸ್ಕಾಂ. ಪಟ್ಟಿ ಎಲ್ಲಿ ತಯಾರಾಗುತ್ತದೆ, ಯಾರ ಕಣ್ಣಿಗೆ ಯಾವ ಊರು ಮೊದಲು ಬೀಳುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೆದ್ದಾರಿಯ ಮಾತೂ ಅಷ್ಟೇ. ಪ್ರತಿ 25 ಕಿಲೋಮೀಟರಿಗೆ ರಸ್ತೆಯ ಎರಡೂ ಬದಿ ಒಂದೊಂದು ಸ್ಟೇಷನ್ ಇರಬೇಕು ಎಂದು ಕೇಂದ್ರದ ಇಂಧನ ಇಲಾಖೆ 2019ರಲ್ಲೇ ಬರೆದಿಟ್ಟಿತು. ಶಿವಮೊಗ್ಗದಿಂದ ಭದ್ರಾವತಿ, ತರೀಕೆರೆ, ಕಡೂರು, ಅರಸೀಕೆರೆ, ತಿಪಟೂರು, ತುಮಕೂರಿನ ಮೇಲೆ ಬೆಂಗಳೂರು ಸುಮಾರು ಮುನ್ನೂರು ಕಿಲೋಮೀಟರು. ಆ ಲೆಕ್ಕಕ್ಕೆ ಒಂದೊಂದು ಬದಿಗೆ ಹನ್ನೆರಡು ಬೇಕು. ಬಸ್ಸಿನಲ್ಲಿ ಹೋಗುವವರು ಕಿಟಕಿ ಪಕ್ಕ ಕೂತು ಎಣಿಸಿಕೊಂಡು ಹೋಗಬಹುದು, ಹೊತ್ತು ಹೋಗುತ್ತದೆ.

ದುಡ್ಡು ಕೊಟ್ಟ ಮಾತ್ರಕ್ಕೆ ಕೆಲಸ ಆಗುತ್ತದೆ ಎಂಬ ಭ್ರಮೆಯೂ ಬೇಡ. ಹಿಂದಿನ ಫೇಮ್ ಯೋಜನೆಯ ಕಥೆಯೇ ಸಾಕ್ಷಿ. 2019ರ ಏಪ್ರಿಲ್‌ನಲ್ಲಿ ಶುರುವಾದ ಎರಡನೇ ಹಂತದಲ್ಲಿ ಚಾರ್ಜಿಂಗಿಗೆಂದು 1,000 ಕೋಟಿ ಇಟ್ಟಿದ್ದರು. 2020ರ ಜನವರಿಯಲ್ಲಿ 62 ನಗರಗಳಿಗೆ 2,636 ಸ್ಟೇಷನ್ ಮಂಜೂರು ಎಂದು ಘೋಷಣೆಯಾಯಿತು. ಅದು ಕುಂಟುತ್ತಾ ಸಾಗಿ, ಕೊನೆಗೆ 2023ರ ಮಾರ್ಚ್‌ನಲ್ಲಿ ಮೂರು ಸರ್ಕಾರಿ ತೈಲ ಕಂಪನಿಗಳಿಗೆ 800 ಕೋಟಿ ಕೊಟ್ಟು, ಬಂಕುಗಳಲ್ಲಿ 7,432 ಯಂತ್ರ ಹಾಕಿ ಎಂದರು. 560 ಕೋಟಿ ಮೊದಲ ಕಂತೂ ಹೋಯಿತು. 2024ರ ಕೊನೆಗೆ ನಾಲ್ಕೂವರೆ ಸಾವಿರ ಯಂತ್ರ ನಿಂತಿದ್ದವು, ಕರೆಂಟು ಹರಿದದ್ದು ಮಾತ್ರ ಕೆಲವೇ ನೂರರಲ್ಲಿ. ಯಂತ್ರ ಬಂತು, ಬಣ್ಣ ಬಳಿಯಿತು, ಫಲಕ ಏರಿತು. ಟ್ರಾನ್ಸ್‌ಫಾರ್ಮರ್ ಎಸ್ಟಿಮೇಟು, ಡಿಪಾಸಿಟ್ಟು, ತಪಾಸಣೆ ಎಂದು ಕಡತ ಮೇಜಿನಿಂದ ಮೇಜಿಗೆ ನಡೆಯುತ್ತಲೇ ಇತ್ತು. ಹೊಸ ಬೋರಿಗೆ ಮೋಟಾರು ಇಳಿಸಿ ಸರ್ವೀಸು ಲೈನಿಗೆ ಕಾಯುವ ರೈತನಿಗೆ ಇದು ಹೊಸ ಸುದ್ದಿಯಲ್ಲ. ನಮ್ಮಲ್ಲಿ ಮಾತ್ರ ಹೀಗೆ ಎಂದೂ ಅಲ್ಲ. ಅಮೆರಿಕದವರು 2021ರಲ್ಲಿ ಇದೇ ಕೆಲಸಕ್ಕೆ 500 ಕೋಟಿ ಡಾಲರ್ ಇಟ್ಟರು, ಆ ದುಡ್ಡಿನ ಮೊದಲ ಸ್ಟೇಷನ್ ಬಾಗಿಲು ತೆರೆದದ್ದು 2023ರ ಡಿಸೆಂಬರಿನಲ್ಲಿ.

ಇನ್ನೊಂದು ತಮಾಷೆ ಪ್ಲಗ್ಗಿನದು. ಮೊದಮೊದಲು ಸರ್ಕಾರದ ಉತ್ತೇಜನದಿಂದ 'ಭಾರತ್ ಡಿಸಿ-001' ಎಂಬ 15 ಕಿಲೋವ್ಯಾಟಿನ ಯಂತ್ರಗಳನ್ನು ಅಲ್ಲಲ್ಲಿ ನಿಲ್ಲಿಸಿದರು. ಆಗಿನ ಕೆಲವು ಕಾರುಗಳಿಗೆ ಅದು ಹೊಂದುತ್ತಿತ್ತು. ಆಮೇಲೆ ಬಂದ ಕಾರುಗಳೆಲ್ಲ 'ಸಿಸಿಎಸ್-2' ಎಂಬ ಬೇರೆ ಗನ್ನಿನವು. ಯಂತ್ರ ಅಲ್ಲೇ, ಕಾರು ಇಲ್ಲೇ, ಬೀಗಕ್ಕೂ ಕೀಲಿಗೂ ಸಂಬಂಧ ತಪ್ಪಿತು. ಸ್ಕೂಟರುಗಳಲ್ಲಂತೂ ಒಂದೊಂದು ಕಂಪನಿಗೆ ಒಂದೊಂದು ಪ್ಲಗ್ಗು. 2023ರಲ್ಲಿ ಭಾರತೀಯ ಮಾನಕ ಸಂಸ್ಥೆ ದ್ವಿಚಕ್ರಕ್ಕೂ ಒಂದು ಸಮಾನ ಪ್ಲಗ್ಗಿನ ಮಾನಕ ಹೊರಡಿಸಿತು, ಸರಿ. ಎಲ್ಲ ಕಂಪನಿಯವರೂ ಅದಕ್ಕೆ ಬಂದರೆ ತಾನೇ 48,400 ಯಂತ್ರ ಹಾಕಿದ್ದಕ್ಕೆ ಪ್ರಯೋಜನ? ಹೇಳಬೇಕೆಂದರೆ ಸ್ವಂತ ಮನೆ, ಅಂಗಳ ಇರುವ ಸ್ಕೂಟರಿನವನಿಗೆ ಇದಾವುದೂ ಬೇಡ. ಮೂರು ಯೂನಿಟ್ ಹಿಡಿಯುವ ಬ್ಯಾಟರಿ ರಾತ್ರಿ ಮನೆ ಪ್ಲಗ್ಗಿನಲ್ಲೇ ತುಂಬುತ್ತದೆ. ಪರದಾಡುವವನು ಮಹಡಿ ಮೇಲೆ ಬಾಡಿಗೆಗಿರುವವನು, ಹಗಲಿಡೀ ಓಡುವ ಆಟೋದವನು.

ಆ ಬಾಡಿಗೆದಾರನೇ ತೆರಿಗೆಯನ್ನೂ ಹೆಚ್ಚು ಕೊಡುತ್ತಾನೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಮನೆಯಲ್ಲಿ ಬಳಸುವ ಕರೆಂಟಿಗೆ ಜಿಎಸ್ಟಿ ಇಲ್ಲ. ಸಾರ್ವಜನಿಕ ಸ್ಟೇಷನ್ನಿನಲ್ಲಿ ಅದೇ ಕರೆಂಟಿಗೆ ನೂರಕ್ಕೆ 18. ಕಾರಣ ಸ್ವಾರಸ್ಯವಾಗಿದೆ. ಕರೆಂಟು ಮಾರಲು ಲೈಸೆನ್ಸು ಬೇಕು. ಸ್ಟೇಷನ್ ಇಡುವವರಿಗೆ ಆ ತೊಡಕು ಬೇಡವೆಂದು 2018ರಲ್ಲಿ ಕೇಂದ್ರದ ಇಂಧನ ಇಲಾಖೆ "ಚಾರ್ಜು ಮಾಡುವುದು ಕರೆಂಟು ಮಾರಾಟವಲ್ಲ, ಅದೊಂದು ಸೇವೆ" ಎಂದು ಸ್ಪಷ್ಟನೆ ಕೊಟ್ಟಿತು. ಒಳ್ಳೆಯ ಉದ್ದೇಶವೇ. ಮುಂದೆ ಮೈಸೂರಿನ ವಿದ್ಯುತ್ ಕಂಪನಿ, ಚೆಸ್ಕಾಂ, ತೆರಿಗೆ ಎಷ್ಟು ಎಂದು ರಾಜ್ಯದ ಜಿಎಸ್ಟಿ ಮುಂಗಡ ತೀರ್ಪು ಪ್ರಾಧಿಕಾರವನ್ನು ಕೇಳಿತು. 2023ರಲ್ಲಿ ಬಂದ ಉತ್ತರ: ಸೇವೆ ತಾನೇ? ಹಾಗಾದರೆ ನೂರಕ್ಕೆ 18 ಕಟ್ಟಿ. ಗಾಡಿ ಕೊಳ್ಳುವಾಗ ನೂರಕ್ಕೆ 5, ಅದಕ್ಕೆ ಹೊಟ್ಟೆ ತುಂಬಿಸುವಾಗ 18! ಒಂದು ಕೈಯಲ್ಲಿ ಸಬ್ಸಿಡಿ, ಇನ್ನೊಂದು ಕೈಯಲ್ಲಿ ವಸೂಲಿ.

ಹೊಸ ಯೋಜನೆಯಲ್ಲಿ ಶಿವಮೊಗ್ಗದಂಥ ಊರಿಗೆ ಬಾಗಿಲು ಮುಚ್ಚಿಲ್ಲ ಎಂಬುದು ನಿಜ. ಹತ್ತು ಲಕ್ಷ ಮೀರಿದ ಊರುಗಳು ಮತ್ತು ರಾಜಧಾನಿಗಳ ಜೊತೆಗೆ ಸ್ಮಾರ್ಟ್ ಸಿಟಿಗಳಿಗೂ, ಸಂಚಾರ ದಟ್ಟವಾದ ಹೆದ್ದಾರಿಗಳಿಗೂ ಆದ್ಯತೆ ಎಂದಿದೆ. ಶಿವಮೊಗ್ಗ 2016ರಲ್ಲೇ ಸ್ಮಾರ್ಟ್ ಸಿಟಿ ಪಟ್ಟಿಗೆ ಸೇರಿದ ಊರು. ದಾವಣಗೆರೆ, ತುಮಕೂರೂ ಅದೇ ಪಟ್ಟಿಯವು. ಸರ್ಕಾರಿ ಆವರಣಕ್ಕೆ ನೂರಕ್ಕೆ ನೂರು ದುಡ್ಡು ಸಿಗುವಾಗ ಜಿಲ್ಲಾಸ್ಪತ್ರೆ, ಪಾಲಿಕೆ, ತಾಲ್ಲೂಕು ಕಚೇರಿಗಳ ಹೆಸರು ಪಟ್ಟಿಯಲ್ಲಿ ಬರದಿದ್ದರೆ ಅದಕ್ಕೆ ದಿಲ್ಲಿಯನ್ನು ದೂರುವಂತಿಲ್ಲ. ಬಸ್ ಸ್ಟ್ಯಾಂಡಿನ ಪ್ರಸ್ತಾಪ ಕೆಎಸ್ಸಾರ್ಟಿಸಿ ಮಾಡಬೇಕು, ಎಲ್ಲಿ ಟ್ರಾನ್ಸ್‌ಫಾರ್ಮರಿಗೆ ತಾಕತ್ತಿದೆ ಎಂದು ಮೆಸ್ಕಾಂ ಹೇಳಬೇಕು, ಜಾಗ ಪಾಲಿಕೆ ತೋರಿಸಬೇಕು. ಮೂವರೂ ಒಂದು ಮೇಜಿನ ಸುತ್ತ ಕೂರಬೇಕು, ಕಷ್ಟದ ಕೆಲಸವೇ. ಪಟ್ಟಿಯಲ್ಲಿ ಯಾವ ಯಾವ ಜಾಗ ಸೇರಿದೆ ಎಂದು ಕೇಳುವ ಹಕ್ಕು ಆಟೋ ಸಂಘಕ್ಕೂ ಇದೆ, ವರ್ತಕರ ಸಂಘಕ್ಕೂ ಇದೆ.

ಈ ಸಲ ಅನುದಾನವನ್ನು ಎರಡು ಕಂತು ಮಾಡಿದ್ದಾರೆ. ಮೊದಲು ನೂರಕ್ಕೆ 70. ಉಳಿದ 30 ಯಂತ್ರ ನಿಂತಾಗ ಅಲ್ಲ, ಕರೆಂಟು ಬಂದು ಚಾರ್ಜು ಶುರುವಾದಾಗ.