ಚಳಿಗಾಲದ ತತ್ತಿಗೆ ಒಂದು ರೂಪಾಯಿ

ಡಿಸೆಂಬರ್ ಬಂತೆಂದರೆ ಪಾಲಕರ ಮೊಬೈಲಿಗೆ ಶಾಲೆಯಿಂದ ಸೂಚನೆಗಳು ಬರತೊಡಗುತ್ತವೆ. ಮಕ್ಕಳಿಗೆ ಸ್ವೆಟರ್ ಹಾಕಿ ಕಳಿಸಿ. ಕಾಯಿಸಿ ಆರಿಸಿದ ನೀರು ಕುಡಿಸಿ. ಕೆಮ್ಮು, ನೆಗಡಿ ಇದ್ದರೆ ದವಾಖಾನೆಗೆ ತೋರಿಸಿ. ಪ್ರಾರ್ಥನೆಗೆ ತಡ ಮಾಡಬೇಡಿ, ಗೈರುಹಾಜರಿ ಮಾಡಬೇಡಿ. ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಈ ಸಂದೇಶ ಟಣ್ಣೆನ್ನುವ ಹೊತ್ತಿಗೆ ಎಷ್ಟೋ ತಾಯಂದಿರು ಹತ್ತಿ ಹೊಲದ ಸಾಲಿನಲ್ಲಿ ಬಾಗಿರುತ್ತಾರೆ. ಇನ್ನು ಕೆಲವರು ಗುಳೆ ಹೋಗಿ ಬೆಂಗಳೂರಿನ ಯಾವುದೋ ಅಪಾರ್ಟ್‌ಮೆಂಟಿನ ಪಕ್ಕದ ತಗಡಿನ ಶೆಡ್ಡಿನಲ್ಲಿರುತ್ತಾರೆ. ಸೂಚನೆಯಲ್ಲಿ ತಪ್ಪಿಲ್ಲ. ಆದರೆ ಸರ್ಕಾರ ಬಡವರಿಗೆ ನೆನಪಿಸುತ್ತಲೇ ಇರುತ್ತದೆ, ಬಡವರು ಸರ್ಕಾರಕ್ಕೆ ಏನನ್ನೂ ನೆನಪಿಸುವಂತಿಲ್ಲ. ಈ ಚಳಿಗಾಲದಲ್ಲಿ ನೆನಪಿಸಬೇಕಾದದ್ದೊಂದಿದೆ. ಸರ್ಕಾರಿ ಆದೇಶದಲ್ಲಿ ಅದರ ಹೆಸರು ಮೊಟ್ಟೆ, ನಮ್ಮ ಕಡೆ ತತ್ತಿ.

ತತ್ತಿಯ ಜಗಳ ಹಳೆಯದು. 2007ರಲ್ಲಿ ಕುಮಾರಸ್ವಾಮಿ ಅವರ ಸರ್ಕಾರ ಬಿಸಿಯೂಟಕ್ಕೆ ತತ್ತಿ ಸೇರಿಸಲು ಹೊರಟು, ಮಠಗಳ ವಿರೋಧಕ್ಕೆ ಮಣಿದು ಕೈಬಿಟ್ಟಿತು. ಆಮೇಲೆ ಹದಿನಾಲ್ಕು ವರ್ಷ ಬಿಸಿಯೂಟದ ತಟ್ಟೆಗೆ ತತ್ತಿ ಬರಲಿಲ್ಲ. 2021ರ ನವೆಂಬರಿನಲ್ಲಿ ಹೊರಟ ಆದೇಶ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಮತ್ತು ವಿಜಯಪುರ ಭಾಗದ 1ರಿಂದ 8ನೇ ತರಗತಿಯ ಮಕ್ಕಳಿಗೆ ಡಿಸೆಂಬರ್ 1ರಿಂದ ಬೇಯಿಸಿದ ತತ್ತಿ ಕೊಡಲು ಹೇಳಿತು. ತಿನ್ನದವರಿಗೆ ಬಾಳೆಹಣ್ಣು. ಈ ಜಿಲ್ಲೆಗಳೇ ಯಾಕೆ ಎಂಬುದಕ್ಕೆ ಸರ್ಕಾರದ ಬಳಿಯಿದ್ದ ಅಂಕಿಯೇ ಉತ್ತರವಾಗಿತ್ತು. ಅಪೌಷ್ಟಿಕತೆ ಮತ್ತು ರಕ್ತಹೀನತೆಯ ಪಟ್ಟಿಯಲ್ಲಿ ಯಾದಗಿರಿ ಮೊದಲು: ಶೇ 74. ಕಲಬುರಗಿ ಶೇ 72.4. ರಾಯಚೂರು ಶೇ 70.6. ಪಟ್ಟಿಯಲ್ಲಿ ನಾವು ಮೊದಲ ಸ್ಥಾನ ಹಿಡಿಯುವುದು ಇಂಥದ್ದರಲ್ಲೇ.

ಆ ಡಿಸೆಂಬರಿನಲ್ಲಿ ಬೆಳಗಾವಿಯಲ್ಲಿ ಚಳಿಗಾಲದ ಅಧಿವೇಶನ. ಕೆಲವು ಲಿಂಗಾಯತ ಮಠಾಧೀಶರು ಮತ್ತು ಅಹಿಂಸೆಯ ಹೆಸರಿನ ಸಂಘಟನೆಗಳು ಆದೇಶ ವಾಪಸಾಗದಿದ್ದರೆ ಹೋರಾಟವೆಂದು ಎಚ್ಚರಿಸಿದವು. ಶಾಲೆಯಲ್ಲಿ ಮಕ್ಕಳ ನಡುವೆ ಭೇದ ಹುಟ್ಟುತ್ತದೆ, ಸಾತ್ವಿಕ ಆಹಾರ ಕೆಡುತ್ತದೆ, ಕಾಳು ಸೊಪ್ಪು ಕೊಡಿ ಎಂದವು. ಅದಕ್ಕೆ ಗಟ್ಟಿ ಉತ್ತರ ಬಂದದ್ದು ಮಕ್ಕಳ ಸಾಲಿನಿಂದಲೇ. ಗಂಗಾವತಿಯ ಒಬ್ಬ ವಿದ್ಯಾರ್ಥಿನಿ ಮೈಕಿನ ಮುಂದೆ ನಿಂತು, ನಮಗೆ ತತ್ತಿ ತಪ್ಪಿಸಿದರೆ ನಿಮ್ಮ ಮಠಕ್ಕೇ ಬಂದು ಕೂತು ತಿನ್ನುತ್ತೇವೆ ಎಂಬರ್ಥದಲ್ಲಿ ಗದರಿದಳು. ಆ ವಿಡಿಯೊವನ್ನು ರಾಜ್ಯವೆಲ್ಲ ನೋಡಿತು. ಈ ಚರ್ಚೆಯಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಲ್ಲುವವರು ಮಾತಾಡಿದ್ದು ಅದೊಂದೇ ಸಲ ಎಂದು ನನಗೆ ನೆನಪು.

ಭೇದದ ವಾದಕ್ಕೆ ಗೌರವದಿಂದಲೇ ಉತ್ತರಿಸಬೇಕು, ಯಾಕೆಂದರೆ ಅದನ್ನು ನಂಬುವ ಒಳ್ಳೆಯ ಜನ ನಮ್ಮ ಓಣಿಯಲ್ಲೇ ಇದ್ದಾರೆ. ಬಾಳೆಹಣ್ಣು ತೆಗೆದುಕೊಳ್ಳುವ ಮಗು ಮತ್ತು ತತ್ತಿ ತೆಗೆದುಕೊಳ್ಳುವ ಮಗು ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತವೆ. ಯಾರನ್ನೂ ಬಲವಂತ ಮಾಡಿಲ್ಲ. ಸುರಪುರದ ನಾಯಕರ ಮನೆಯಲ್ಲಿ, ತಾಂಡಾದಲ್ಲಿ, ಕಬ್ಬಲಿಗರ, ಕುರುಬರ, ದಲಿತರ, ಮುಸ್ಲಿಮರ ಕೇರಿಯಲ್ಲಿ ತತ್ತಿ ನಿಷಿದ್ಧವೇನಲ್ಲ, ತುಟ್ಟಿ ಅಷ್ಟೆ. ಅದನ್ನು ಮಕ್ಕಳ ತಟ್ಟೆಗೆ ಬರದಂತೆ ತಡೆದರೆ ಒಬ್ಬರ ಅಡುಗೆಮನೆಯ ರೂಢಿಯನ್ನು ಎಲ್ಲರ ಮೇಲೆ ಹೇರಿದಂತಾಗುತ್ತದೆ. ಭೇದ ಅಂದರೆ ಅದು. ಈ ಯೋಜನೆಗೆ ಸರ್ಕಾರವೇ ಇಟ್ಟ ಹೆಸರು ಅಕ್ಷರ ದಾಸೋಹ. ಶರಣರಿಂದ ಪಡೆದ ಪದ. ದಾಸೋಹದಲ್ಲಿ ಉಣ್ಣಲು ಬಂದವರ ಹಸಿವು ಮುಖ್ಯ. ಬಡಿಸುವವರ ಇಷ್ಟಾನಿಷ್ಟ ಆಮೇಲಿನದು.

ಕಾಳು ಸೊಪ್ಪಿನ ವಾದಕ್ಕೆ ಉತ್ತರ ತಕ್ಕಡಿಯೇ ಕೊಟ್ಟಿದೆ. ಗದಗದಲ್ಲಿರುವ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ತತ್ತಿ ಕೊಟ್ಟ ಯಾದಗಿರಿ ಜಿಲ್ಲೆಯ ಮಕ್ಕಳನ್ನೂ ಕೊಡದ ಗದಗ ಜಿಲ್ಲೆಯ ಮಕ್ಕಳನ್ನೂ ತೂಗಿ ಅಳೆದು ಹೋಲಿಸಿತು. 2022ರಲ್ಲಿ ಹೊರಬಂದ ಫಲಿತಾಂಶದ ಪ್ರಕಾರ ಯಾದಗಿರಿಯ ಮಕ್ಕಳ ತೂಕ ಗದಗದವರಿಗಿಂತ ಎದ್ದು ಕಾಣುವಷ್ಟು ಏರಿತ್ತು. ಎಂಟನೇ ತರಗತಿಯ ಹೆಣ್ಣುಮಕ್ಕಳಲ್ಲಿ ಈ ಏರಿಕೆ ಶೇ 71ರಷ್ಟು ಹೆಚ್ಚು. ಕೆಲವೇ ತಿಂಗಳು, ವಾರಕ್ಕೆ ಎರಡು ಮೂರು ತತ್ತಿ ತಿಂದದ್ದರ ಫಲ ಇದು. ವಿಚಿತ್ರವೆಂದರೆ ಅದೇ ಸುಮಾರಿಗೆ, ರಾಷ್ಟ್ರೀಯ ಶಿಕ್ಷಣ ನೀತಿಗಾಗಿ ರಾಜ್ಯ ಸಿದ್ಧಪಡಿಸಿದ ಆರೋಗ್ಯ ಕುರಿತ ನಿಲುವು ಪತ್ರವೊಂದು ತತ್ತಿ ಮಾಂಸ ಹಾರ್ಮೋನು ಏರುಪೇರು ಮಾಡುತ್ತವೆ, ಜೀವನಶೈಲಿಯ ಕಾಯಿಲೆ ತರುತ್ತವೆ ಎಂದು ಬರೆದುಕೊಂಡಿತ್ತು. ಜೀವನಶೈಲಿ! ಬೆಳಿಗ್ಗೆ ತಂಗಳು ರೊಟ್ಟಿಗೆ ಖಾರಪುಡಿ ಹಚ್ಚಿಕೊಂಡು ಬರುವ ಹತ್ತು ವರ್ಷದ ಹುಡುಗಿಗೆ ಎಂಥ ಶೈಲಿ? ಬೆಂಗಳೂರಿನಲ್ಲಿ ಕೂತವರ ಬೊಜ್ಜಿನ ಚಿಂತೆಯನ್ನು ಯಾದಗಿರಿಯ ತಟ್ಟೆಗೆ ಬಡಿಸಬಾರದು.

ಅಲ್ಲಿಂದ ಯೋಜನೆ ರಾಜ್ಯಕ್ಕೆಲ್ಲ ಹಬ್ಬಿತು. 10ನೇ ತರಗತಿಯವರೆಗೂ ಬಂತು. 2024ರ ಜುಲೈಯಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಷನ್ ಜೊತೆ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿಯ ಒಪ್ಪಂದವಾಗಿ, ಆ ಸೆಪ್ಟೆಂಬರಿನಿಂದ ವಾರದ ಆರೂ ದಿನ ತತ್ತಿ. ಎರಡು ದಿನದ ಖರ್ಚು ಸರ್ಕಾರದ್ದು, ನಾಲ್ಕು ದಿನದ್ದು ಫೌಂಡೇಷನ್ನಿನದು. ಸುರಪುರ ತಾಲ್ಲೂಕಿನ ಶಾಲೆಗಳಲ್ಲಿ ಇಪ್ಪತ್ತು ವರ್ಷದಿಂದ ಓಡಾಡುತ್ತಿರುವ ಸಂಸ್ಥೆ ಅದು, ನಮ್ಮ ಮಕ್ಕಳ ಮುಖ ಅದಕ್ಕೆ ಗೊತ್ತು. ಇಷ್ಟಾದರೂ ಜಗಳ ಪೂರ್ತಿ ಮುಗಿದಿಲ್ಲ. 2025ರ ಜುಲೈಯಲ್ಲಿ ಮಂಡ್ಯ ತಾಲ್ಲೂಕಿನ ಆಲಕೆರೆಯಲ್ಲಿ ಶಾಲೆ ದೇವಸ್ಥಾನದ ಪಕ್ಕದಲ್ಲಿದೆ ಎಂಬ ಕಾರಣಕ್ಕೆ ತತ್ತಿ ಬೇಡವೆಂದು ಹಟ ಹಿಡಿದು ಪಾಲಕರು ಮಕ್ಕಳ ವರ್ಗಾವಣೆ ಪತ್ರ ತೆಗೆದುಕೊಂಡು ಹೋದರು. ಸುದ್ದಿವಾಹಿನಿಗಳಿಗೆ ಒಂದು ವಾರದ ಊಟ ಸಿಕ್ಕಿತು.

ಈ ಗದ್ದಲದಲ್ಲಿ ಯಾರ ಕಣ್ಣಿಗೂ ಬೀಳದೆ ಇನ್ನೊಂದು ಕಡೆಯಿಂದ ತತ್ತಿ ಕರಗುತ್ತಿದೆ. ಅದಕ್ಕೆ ಧರ್ಮದ ಗೊಡವೆಯಿಲ್ಲ, ಬರೀ ಕೂಡಿಸಿ ಕಳೆಯುವ ಲೆಕ್ಕ.

ಒಂದು ತತ್ತಿಗೆ ಗೊತ್ತು ಮಾಡಿದ ಮೊತ್ತ 6 ರೂಪಾಯಿ. ತತ್ತಿ ಕೊಳ್ಳುವುದು, ಅಂಗಡಿಯಿಂದ ತರುವುದು, ಬೇಯಿಸುವ ಗ್ಯಾಸು, ಸಿಪ್ಪೆ ಸುಲಿಯುವ ಕೂಲಿ, ಎಲ್ಲ ಅದರಲ್ಲೇ. ಹಣ ಶಾಲೆಯ ಅಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಖಾತೆಗೆ ಬರುತ್ತದೆ, ಖರೀದಿ ಹೆಡ್‌ಮಾಸ್ತರರ ಕೊರಳಿಗೆ. ತತ್ತಿಯ ದರವೋ ದಿನಕ್ಕೊಂದು. ನಮ್ಮ ಕಡೆಯ ಅಂಗಡಿಯವರು ನೋಡುವುದು ರಾಷ್ಟ್ರೀಯ ಮೊಟ್ಟೆ ಸಮನ್ವಯ ಸಮಿತಿಯ ಹೊಸಪೇಟೆ ದರ. ಬೇಸಿಗೆಯಲ್ಲಿ, ಶ್ರಾವಣದಲ್ಲಿ ಇಳಿಯುವ ಅದು ಕಾರ್ತಿಕ ಮುಗಿದು ಚಳಿ ಬಿದ್ದ ಕೂಡಲೇ ಏರುತ್ತದೆ. ವ್ರತ ಮುಗಿದವರು ತಿನ್ನತೊಡಗುತ್ತಾರೆ, ಉತ್ತರ ಭಾರತದಿಂದ ಬೇಡಿಕೆ ಹೆಚ್ಚುತ್ತದೆ, ಕ್ರಿಸ್‌ಮಸ್ ಕೇಕಿನ ಬೇಕರಿಗಳು ಸೇರಿಕೊಳ್ಳುತ್ತವೆ. ಡಿಸೆಂಬರಿನಲ್ಲಿ ಕಿರಾಣಿ ಅಂಗಡಿಯಲ್ಲಿ ಒಂದು ತತ್ತಿ 7 ರೂಪಾಯಿ ದಾಟುವುದು ಈಗ ಹೊಸದಲ್ಲ. ಆದೇಶದಲ್ಲಿ ಮಾತ್ರ ಋತುಗಳೇ ಇಲ್ಲ, ಹನ್ನೆರಡೂ ತಿಂಗಳು 6 ರೂಪಾಯಿ.

200 ಮಕ್ಕಳ ಶಾಲೆಯನ್ನೇ ತಗೊಳ್ಳಿ. ತತ್ತಿಗೆ ಒಂದೇ ಒಂದು ರೂಪಾಯಿ ಕಡಿಮೆ ಬಿದ್ದರೂ ವಾರಕ್ಕೆ 1,200, ತಿಂಗಳಿಗೆ 4,800 ರೂಪಾಯಿ. ಹೆಚ್ಚುಕಡಿಮೆ ಒಬ್ಬ ಅಡುಗೆಯಮ್ಮನ ತಿಂಗಳ ಗೌರವಧನ. ಈ 4,800 ಎಲ್ಲಿಂದ ಬರಬೇಕು? ದಾರಿ ಮೂರೇ. ಹೆಡ್‌ಮಾಸ್ತರರು ಜೇಬಿನಿಂದ ಹಾಕಬೇಕು, ಇಲ್ಲವೇ ಕ್ರೇಟಿನಲ್ಲಿ ಸಣ್ಣ ತತ್ತಿ ಆರಿಸಿ ತರಬೇಕು, ಅದೂ ಆಗದಿದ್ದರೆ ಹಾಜರಿಯಲ್ಲಿ ತತ್ತಿ ಬರೆದು ತಟ್ಟೆಗೆ ಬಾಳೆಹಣ್ಣು ಹಾಕಬೇಕು. ಮೊದಲನೆಯದು ಅನ್ಯಾಯ, ಎರಡನೆಯದು ಮೋಸ, ಮೂರನೆಯದು ಅಪರಾಧ. ತತ್ತಿ ಸರಿಯಾಗಿ ಕೊಡಲಿಲ್ಲವೆಂದು ರಾಜ್ಯದಲ್ಲಿ ಅಮಾನತಾದ ಮುಖ್ಯ ಶಿಕ್ಷಕರಿದ್ದಾರೆ. ಕದ್ದವರನ್ನು ಅಮಾನತು ಮಾಡಲಿ, ನನ್ನ ತಕರಾರಿಲ್ಲ. ಆದರೆ 6 ರೂಪಾಯಿ ಕೈಗಿಟ್ಟು 7 ರೂಪಾಯಿಯ ಸಾಮಾನು ತಾ ಎಂದು ಕಳಿಸಿದ ಯಜಮಾನನನ್ನು ವಿಚಾರಿಸುವವರು ಯಾರು? ಶಹಾಪುರದ ಕಡೆಯ ಒಬ್ಬ ಮಾಸ್ತರರು ನನಗೆ ಹೇಳಿದರು: ‘ಪಾಠ ಮಾಡೋ ತಲೀಗಿಂತ ತತ್ತಿ ಲೆಕ್ಕ ಹಾಕೋ ತಲೀನ ಭಾಳ ಬೇಕ್ರೀ ಈಗ.’ ಅವರದು ತಮಾಷೆಯ ಮಾತೇನೂ ಆಗಿರಲಿಲ್ಲ.

ಕಳ್ಳತನ ಇಲ್ಲವೇ ಇಲ್ಲ ಎಂದು ನಾನು ವಾದಿಸುತ್ತಿಲ್ಲ. ಇದೆ. ಬೇಸಿಗೆಯಲ್ಲಿ 5 ರೂಪಾಯಿಗೆ ಇಳಿದಾಗ ಉಳಿದ ಹಣ ಎಲ್ಲಿ ಹೋಯಿತು ಎಂದು ಅಧಿಕಾರಿಗಳು ಕೇಳಿದರೆ ಅದೂ ನ್ಯಾಯವಾದ ಪ್ರಶ್ನೆ. ಅದಕ್ಕೇ ಹೇಳುವುದು, ನಿಗದಿ ದರ ಬಿಟ್ಟು ಆ ವಾರದ ಹೊಸಪೇಟೆ ದರಕ್ಕೆ ಸಾಗಣೆ, ಗ್ಯಾಸು, ಸುಲಿಯುವ ಕೂಲಿ ಕೂಡಿಸಿ ಕೊಡಿ. ಇಳಿದಾಗ ಸರ್ಕಾರಕ್ಕೆ ಉಳಿತಾಯ, ಏರಿದಾಗ ಮಗುವಿಗೆ ತತ್ತಿ. ತೊಗರಿಗೆ, ಹತ್ತಿಗೆ ದಿನದ ದರ ನೋಡಿ ವ್ಯಾಪಾರ ಮಾಡುವ ಜಿಲ್ಲೆಯಿದು, ಶಹಾಪುರದ ಅಡತಿ ಅಂಗಡಿಯ ಗುಮಾಸ್ತ ಈ ಲೆಕ್ಕವನ್ನು ಚಹಾ ಆರುವುದರೊಳಗೆ ಮಾಡಿಕೊಡುತ್ತಾನೆ. ವಿಧಾನಸೌಧಕ್ಕೆ ಯಾಕೆ ಆಗುವುದಿಲ್ಲವೋ ತಿಳಿಯದು.

ಚಳಿಗಾಲದಲ್ಲೇ ತತ್ತಿ ಯಾಕೆ ಇಷ್ಟು ಮುಖ್ಯ ಎಂದರೆ, ಮಗು ಶಾಲೆ ಬಿಟ್ಟು ಹೋಗುವ ಕಾಲವೂ ಅದೇ. ನಾರಾಯಣಪುರ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಶಹಾಪುರ, ಸುರಪುರದಲ್ಲಿ ಭತ್ತ, ಹತ್ತಿ, ಮೆಣಸಿನಕಾಯಿ ಹೆಚ್ಚಿದವು. ದೀಪಾವಳಿ ಮುಗಿಯುತ್ತಲೇ ಹತ್ತಿ ಬಿಡಿಸುವ ಸುಗ್ಗಿ, ಸಂಕ್ರಾಂತಿ ದಾಟಿ ಮೆಣಸಿನಕಾಯಿ. ಕೂಲಿ ಕಿಲೋ ಲೆಕ್ಕದಲ್ಲಿ, ಅಂದಮೇಲೆ ಎಷ್ಟು ಕೈಗಳೋ ಅಷ್ಟು ದುಡ್ಡು, ಕೈ ಚಿಕ್ಕದಾದರೂ ಸರಿ. ಬೆಳಗಿನ ಮಂಜಿನಲ್ಲಿ ಕೂಲಿಯವರ ಟಂಟಂ ಗಾಡಿಗಳು ಊರಿಂದ ಹೊರಡುವುದನ್ನು ನೋಡಿ. ಹಿಂದೆ ಜೋತುಬಿದ್ದವರಲ್ಲಿ ಸಮವಸ್ತ್ರದ ಅಂಗಿಯನ್ನೇ ಸ್ವೆಟರಿನಂತೆ ಮೇಲೆ ಹಾಕಿಕೊಂಡ ಮಕ್ಕಳು ಸಿಗುತ್ತಾರೆ. ಕಾಯ್ದೆ ಇದೆ, 14ರ ಒಳಗಿನವರನ್ನು ಕೂಲಿಗೆ ಕರೆಯುವಂತಿಲ್ಲ. ಟಂಟಂ ಮಾತ್ರ ಪೊಲೀಸ್ ಠಾಣೆಯ ಮುಂದೆಯೇ ಹಾದುಹೋಗುತ್ತದೆ.

ಹಾಗೆ ಹೋದ ಮಗು ತಿರುಗಿ ಬರುವ ಹೊತ್ತಿಗೆ ಭಾಗಾಕಾರ ಮುಗಿದಿರುತ್ತದೆ. ನಾಲ್ಕನೇ ತರಗತಿಯಲ್ಲಿ ತಪ್ಪಿದ ಆ ಎರಡು ತಿಂಗಳು ಹತ್ತನೇ ತರಗತಿಯಲ್ಲಿ ಕಾಣಿಸಿಕೊಳ್ಳುತ್ತವೆ. 2024ರ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಯಾದಗಿರಿಯ ಫಲಿತಾಂಶ ಶೇ 50.59, ರಾಜ್ಯಕ್ಕೆ ಕಡೆ. ಅದರ ಹಿಂದಿನ ವರ್ಷವೂ ಕಡೆ. ಫಲಿತಾಂಶ ಬಂದಾಗಲೆಲ್ಲ ಶಿಕ್ಷಕರನ್ನು ಕರೆಸಿ ಬೈಯುತ್ತಾರೆ, ವಿಶೇಷ ತರಗತಿಯ ಆದೇಶ ಹೊರಡುತ್ತದೆ. ಹತ್ತಿ ಹೊಲದ ಹೆಸರು ಯಾರ ಬಾಯಲ್ಲೂ ಬರುವುದಿಲ್ಲ.

ಒಂದು ತತ್ತಿಯಿಂದ ಮಗು ಹೊಲ ಬಿಟ್ಟು ಬರುತ್ತದೆ ಎಂದು ಹೇಳುವಷ್ಟು ಭೋಳೆ ನಾನಲ್ಲ. ಆದರೆ ಮನೆಯಲ್ಲಿ ಹೋಗಲೋ ಬೇಡವೋ ಎಂಬ ಮಾತು ನಡೆಯುವಾಗ ತಕ್ಕಡಿಯ ಈಚೆ ತಟ್ಟೆಯಲ್ಲಿ ಇಡಲು ಶಾಲೆಗೆ ಏನಾದರೂ ಇರಬೇಕಲ್ಲ? 2001ರ ನವೆಂಬರ್ 28ರಂದು ಬೇಯಿಸಿದ ಊಟ ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2002ರಲ್ಲಿ ಕರ್ನಾಟಕ ಬಿಸಿಯೂಟವನ್ನು ಮೊದಲು ಹಚ್ಚಿದ್ದು ನಮ್ಮ ಉತ್ತರದ ಏಳು ಜಿಲ್ಲೆಗಳಲ್ಲೇ. ಅನ್ನದ ವಾಸನೆಗೆ ಮಕ್ಕಳು ಬಂದದ್ದನ್ನು ಆಗಿನ ಮಾಸ್ತರರು ಈಗಲೂ ನೆನೆಯುತ್ತಾರೆ. ಇವತ್ತು ಅಜ್ಜಿಯ ಹತ್ತಿರ ಮಗುವನ್ನು ಬಿಟ್ಟು ಗುಳೆ ಹೋಗುವ ತಾಯಿಗೆ ಒಂದು ಧೈರ್ಯವೆಂದರೆ ಮಧ್ಯಾಹ್ನ ಶಾಲೆಯಲ್ಲಿ ಹೊಟ್ಟೆತುಂಬ ಸಿಗುತ್ತದೆ ಎಂಬುದು.

ಇನ್ನೊಂದು ಮಾತು, ಸರ್ಕಾರಕ್ಕೆ ಕಹಿ ಎನಿಸಬಹುದು. ನಾಲ್ಕು ದಿನದ ತತ್ತಿ ದಾನದ ತತ್ತಿ. ಮೂರು ವರ್ಷದ ಲೆಕ್ಕ 2027ಕ್ಕೆ ಮುಗಿಯುತ್ತದೆ. ಕೊಟ್ಟವರಿಗೆ ಕೈಮುಗಿಯೋಣ, ಆದರೆ ಮಗುವಿನ ಪ್ರೋಟೀನಿಗೆ ಮುಕ್ತಾಯ ದಿನಾಂಕ ಇರಬಾರದು. ಸಂವಿಧಾನದ 371(ಜೆ) ವಿಧಿಯ ಹೆಸರಿನಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ವರ್ಷವರ್ಷ ಸಾವಿರಾರು ಕೋಟಿ ಬರೆಯುತ್ತಾರೆ. ಅದರಲ್ಲಿ ಸಿಸಿ ರಸ್ತೆ, ಸಮುದಾಯ ಭವನ, ಕಮಾನು ಎದ್ದಿವೆ. ಬೇಸಿಗೆ ಬಂದರೆ ಈ ಭಾಗದ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಸರ್ಕಾರ ನಮ್ಮದು. ನೌಕರರಿಗೆ ಬಿಸಿಲು ತಾಗುತ್ತದೆ ಎಂದು ಅರ್ಥಮಾಡಿಕೊಂಡವರಿಗೆ ಮಕ್ಕಳಿಗೆ ಚಳಿಗಾಲವೊಂದು ಇದೆ ಎಂಬುದೂ ಅರ್ಥವಾಗಬೇಕು. ಕಲ್ಯಾಣ ಕರ್ನಾಟಕದ ಮಕ್ಕಳಿಗೆ ನವೆಂಬರಿನಿಂದ ಫೆಬ್ರುವರಿವರೆಗೆ ತತ್ತಿಗೆ ಬೀಳುವ ಒಂದೆರಡು ರೂಪಾಯಿಯ ಕೊರತೆಯನ್ನು ಮಂಡಳಿ ತುಂಬಲಿ. ಒಂದು ಕಮಾನು ಕಡಿಮೆಯಾದರೆ ಯಾವ ಊರಿಗೂ ದಾರಿ ತಪ್ಪುವುದಿಲ್ಲ.

ಪಾಲಕರಲ್ಲಿ ನನ್ನದೊಂದು ಕೋರಿಕೆ. ಮಕ್ಕಳಿಗೆ ಸ್ವೆಟರ್ ಹಾಕಿ, ನೀರು ಕಾಯಿಸಿ, ಮಾಸ್ತರರು ಹೇಳಿದ್ದೆಲ್ಲ ಮಾಡಿ. ಹತ್ತಿ ಹೊಲಕ್ಕೆ ಮಾತ್ರ ಕರೆದೊಯ್ಯಬೇಡಿ. ಯಾವುದಾದರೂ ಒಂದು ದಿನ, ಎಳ್ಳಮಾವಾಸ್ಯೆಯ ಚರಗ ಮುಗಿಸಿ ಬಂದ ಮರುದಿನವಾದರೂ ಸರಿ, ಮಧ್ಯಾಹ್ನ ಊಟದ ಹೊತ್ತಿಗೆ ಶಾಲೆಗೆ ಹೋಗಿ ಸಾಲಿನ ಪಕ್ಕ ನಿಂತು ತಟ್ಟೆ ನೋಡಿ. ತತ್ತಿ ಇಲ್ಲದಿದ್ದರೆ ಹೆಡ್‌ಮಾಸ್ತರರ ಮೇಲೆ ಏರಿ ಹೋಗುವ ಮೊದಲು ಅಂಗಡಿಯ ಚೀಟಿ ಕೇಳಿ. ಆ ಚೀಟಿಯಲ್ಲಿ 7 ಎಂದಿದ್ದರೆ ಅದರ ಫೋಟೊ ತೆಗೆದು ನಿಮ್ಮ ಶಾಸಕರ ಮೊಬೈಲಿಗೆ ಕಳಿಸಿ. ಕೆಳಗೆ ಇಷ್ಟೇ ಬರೆಯಿರಿ: ಒಂದು ರೂಪಾಯಿ ಬಾಕಿ ಇದೆ.