ಒಂದು ಓಟು, ಒಂದು ನೋಟು ಮತ್ತು ನಾವು

ಕಳೆದ ತಿಂಗಳು ಪುಣೆಯ ವಾಕಡ್‌ನಲ್ಲಿ ನಾವು ಕೆಲವು ಕನ್ನಡಿಗರು ಚಹಾಕ್ಕೆ ಸೇರಿದ್ದಾಗ ಮಾತು ಎಂದಿನಂತೆ ಶಾಸಕರ ರೆಸಾರ್ಟ್ ಯಾತ್ರೆಗಳತ್ತ ಹೊರಳಿತು. 2019ರಲ್ಲಿ ನಮ್ಮವರು ಮುಂಬೈ ಹೋಟೆಲು ಸೇರಿದ್ದು, 2022ರಲ್ಲಿ ಇಲ್ಲಿಯವರು ಸೂರತ್ ದಾಟಿ ಗುವಾಹಾಟಿಗೆ ಹಾರಿದ್ದು, ಎಲ್ಲ ಬಂತು. ಕೊನೆಗೆ ಒಬ್ಬರು ನಿಟ್ಟುಸಿರು ಬಿಟ್ಟರು: "ಶಾಂತವೇರಿ ಗೋಪಾಲಗೌಡರಂಥವರು ಈಗ ಎಲ್ಲಿದ್ದಾರೆ ಸಾರ್?" ಎಲ್ಲರೂ ತಲೆಯಾಡಿಸಿದೆವು. ಮನೆಗೆ ಬಂದ ಮೇಲೆ ಹಾಗೆ ತಲೆಯಾಡಿಸಿದ್ದಕ್ಕೆ ನನಗೇ ನಾಚಿಕೆಯಾಯಿತು.

ಯಾಕೆಂದರೆ ಅದು ತಪ್ಪು ಪ್ರಶ್ನೆ. ಕೇಳಬೇಕಾದದ್ದು, ಅವರನ್ನು ಗೆಲ್ಲಿಸಿದಂಥ ಮತದಾರರು ಎಲ್ಲಿ ಅಂತ.

1951ರಲ್ಲಿ ಸಾಗರದ ಹತ್ತಿರದ ಕಾಗೋಡಿನಲ್ಲಿ ಗೇಣಿದಾರರು ತಿರುಗಿಬಿದ್ದರು. ಗೇಣಿಯ ಭತ್ತ ಅಳೆಯುವ ಕೊಳಗವೇ ದೊಡ್ಡದಾಗಿತ್ತು. ಮೋಸ ಅಳತೆಯಲ್ಲೇ ಇತ್ತು. ಎಚ್. ಗಣಪತಿಯಪ್ಪನವರು ಸಂಘಟಿಸಿದ ಆ ಹೋರಾಟಕ್ಕೆ ಸಮಾಜವಾದಿಗಳು ಹೆಗಲು ಕೊಟ್ಟರು. ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷದ ಚುನಾವಣೆಯಲ್ಲಿ ಆ ಸೀಮೆ 29 ವರ್ಷದ ಗೋಪಾಲಗೌಡರನ್ನು ವಿಧಾನಸಭೆಗೆ ಕಳಿಸಿತು. ಅವರ ಬಳಿ ದುಡ್ಡಿರಲಿಲ್ಲ. 'ಒಂದು ಓಟು, ಒಂದು ನೋಟು' ಎಂಬುದು ಅವರ ಪ್ರಚಾರದ ಮಾತು. ಕೊಡುವವನು ಮತದಾರ, ಕೈಚಾಚುವವನು ಅಭ್ಯರ್ಥಿ. ದುಡ್ಡು ಕೊಟ್ಟವನಿಗೆ ಲೆಕ್ಕ ಕೇಳುವ ಹಕ್ಕು ತಾನಾಗಿ ಬರುತ್ತದೆ.

ನಾನು ಪ್ರಾಜೆಕ್ಟ್ ಮ್ಯಾನೇಜರ್. ನಮ್ಮ ಅಪ್ರೈಸಲ್ ಹಾಳೆಯಲ್ಲಿ ಗೌಡರನ್ನು ಕೂರಿಸಿದರೆ ಅವರು ಫೇಲು. 1957ರಲ್ಲಿ ಸೋತರು. 1962, 1967ರಲ್ಲಿ ತೀರ್ಥಹಳ್ಳಿಯಿಂದ ಗೆದ್ದರೂ ಮಂತ್ರಿಯಾಗಲಿಲ್ಲ. 1972ರ ಜೂನ್‌ನಲ್ಲಿ, 49ನೇ ವಯಸ್ಸಿಗೇ, ತೀರಿಕೊಂಡರು. ಉಳುವವನಿಗೆ ಭೂಮಿ ಕೊಟ್ಟ ತಿದ್ದುಪಡಿ 1974ರಲ್ಲಿ ಜಾರಿಗೆ ಬಂದಾಗ ಮುಖ್ಯಮಂತ್ರಿ ದೇವರಾಜ ಅರಸು, ಪಕ್ಷ ಕಾಂಗ್ರೆಸ್ಸು. 'ಕರ್ನಾಟಕ' ಎಂಬ ಹೆಸರಿಗಾಗಿ ಗೌಡರು ಸದನದಲ್ಲಿ ವಾದಿಸಿದ್ದರು. ಅದೂ ಬಂದದ್ದು 1973ರಲ್ಲಿ, ಅವರಿಲ್ಲದಾಗ. ಆದರೂ ಆ ಎರಡನ್ನೂ ತಳ್ಳಲಾಗದ ಹಾಗೆ ಮಾಡಿದವರಲ್ಲಿ ಅವರೊಬ್ಬರು. ವಿರೋಧ ಪಕ್ಷದ ಬೆಂಚಿನಲ್ಲಿ ಕೂತು ಇಷ್ಟು ಮಾಡಿದವರನ್ನು ಅಳೆಯಲು ಬಾರದಿದ್ದರೆ, ಇಲ್ಲೂ ಕೊಳಗವೇ ಸರಿಯಿಲ್ಲ.

ನನ್ನ ಅಜ್ಜ ತೀರ್ಥಹಳ್ಳಿ ತಾಲ್ಲೂಕಿನ ಗೇಣಿದಾರ. ಆ ಕಾನೂನು ಬಂದ ಮೇಲೆ ಡಿಕ್ಲರೇಶನ್ ಕೊಟ್ಟು, ಭೂ ನ್ಯಾಯಮಂಡಳಿಗೆ ಅಲೆದು, ಒಂದೂವರೆ ಎಕರೆ ಗದ್ದೆಗೆ ಒಡೆಯನಾದ. ಆ ಗದ್ದೆ ನನ್ನಪ್ಪನನ್ನು ಓದಿಸಿತು. ಅಪ್ಪನ ನೌಕರಿ ನನ್ನನ್ನು ಎಂಟೆಕ್‌ವರೆಗೆ ತಂದಿತು. ಹಿಂಜವಡಿಯ ನನ್ನ ಕುರ್ಚಿಯ ಒಂದು ಕಾಲು ಕಾಗೋಡಿನಲ್ಲಿದೆ.

ಆ ಋಣ ನಾನು ತೀರಿಸಿದ್ದು ಹೇಗೆ? ಕೃಷಿಕರಲ್ಲದವರೂ ಜಮೀನು ಕೊಳ್ಳಲು ಇದ್ದ ಅಡ್ಡಿಯನ್ನು ಸರ್ಕಾರ 2020ರಲ್ಲಿ ತೆಗೆದುಹಾಕಿತು. ನಾವು ನಾಲ್ವರು ಗೆಳೆಯರು ಕೂಡಲೇ ಮಲೆನಾಡಿನಲ್ಲಿ ಜಾಗ ಹುಡುಕಿದೆವು. ವರ್ಷಕ್ಕೆರಡು ಸಲ ಹೋಗಿ ಮಳೆಯ ಫೋಟೊ ತೆಗೆಯಲು ಎರಡು ಎಕರೆ. ಮುಂಗಡ ಕೊಡುವ ಹಿಂದಿನ ದಿನ ಅಪ್ಪ ಫೋನಿನಲ್ಲಿ ಕೇಳಿದ್ದು ಇಷ್ಟೇ: "ಉಳೋರು ಯಾರು ಮಾರಾಯ?" ನಾನು ಹಿಂದೆ ಸರಿದೆ. ಉಳಿದ ಮೂವರು ಕೊಂಡರು.

ಓಟಿನ ಕತೆ ಇನ್ನೂ ಕೆಟ್ಟದು. ಊರಿನ ಪಟ್ಟಿಯಿಂದ ನನ್ನ ಹೆಸರು ಯಾವಾಗಲೋ ಹೋಯಿತು. ಪುಣೆಯ ಪಟ್ಟಿಗೆ ಸೇರಿಸಲು ಹನ್ನೊಂದು ವರ್ಷ ಪುರುಸೊತ್ತಾಗಲಿಲ್ಲ. ಎರಡು ರಾಜ್ಯಗಳ ಶಾಸಕರನ್ನೂ ಬೈಯುವ ನಾನು ಯಾರ ಮತದಾರನೂ ಆಗಿರಲಿಲ್ಲ. "ನಾವು ಹೊರಗಿನವರು, ಇಲ್ಲಿನ ರಾಜಕೀಯ ನಮಗ್ಯಾಕೆ" ಅನ್ನುವವರಿಗೆ ಒಂದು ಮಾತು. ಇದೇ ಪುಣೆ 1957ರಲ್ಲಿ ಎಸ್. ಎಂ. ಜೋಶಿಯವರನ್ನು ಶಾಸನಸಭೆಗೆ ಕಳಿಸಿತ್ತು. ಮುಂದೆ ಅವರು ಗೌಡರಿದ್ದ ಸಂಯುಕ್ತ ಸಮಾಜವಾದಿ ಪಕ್ಷದ ಅಧ್ಯಕ್ಷರೂ ಆದರು. ಗಡಿಯ ವಿಷಯದಲ್ಲಿ ಅವರದು ಸಂಯುಕ್ತ ಮಹಾರಾಷ್ಟ್ರ, ಗೌಡರದು ಕನ್ನಡ ನಾಡಿನ ಏಕೀಕರಣ. ಆದರೂ ಒಂದೇ ಪಕ್ಷದಲ್ಲಿ ಕೂರುವುದು ಸಾಧ್ಯವಾಗಿತ್ತು. ಈಗ ನಮಗೆ ಅವರ ಹೆಸರಿನ ಸೇತುವೆಯ ಟ್ರಾಫಿಕ್ ಅಷ್ಟೇ ಗೊತ್ತು.

ಗೋಪಾಲಗೌಡರನ್ನು ದೇವರು ಮಾಡುವುದು ನಮಗೆ ಅನುಕೂಲ. ದೇವರಾದರೆ ಮತ್ತೆ ಹುಟ್ಟಿ ಬರಲಿ ಎಂದು ಕಾಯುತ್ತ ಕೂರಬಹುದು. ಅವರೂ ಸೋತ, ಸಿಟ್ಟಾದ, ದಣಿದ ಮನುಷ್ಯ. ಅವರನ್ನು ಎತ್ತಿ ನಿಲ್ಲಿಸಿದ್ದು ಹೊಟ್ಟೆಗೆ ಸಾಲದಿದ್ದರೂ ಒಂದು ನೋಟು ತೆಗೆದಿಟ್ಟ ಗೇಣಿದಾರರು. ನಾವು ಶನಿವಾರ ಒಂದು ಪಿಜ್ಜಾಕ್ಕೆ ಕೊಡುವಷ್ಟನ್ನು ಯಾವ ಪ್ರಾಮಾಣಿಕ ಅಭ್ಯರ್ಥಿಗಾದರೂ ಕೊಟ್ಟಿದ್ದೇವೆಯೇ? ಒಂದು ಭಾನುವಾರ ಅವರ ಜೊತೆ ನಡೆದಿದ್ದೇವೆಯೇ? ಹಾಗಿದ್ದರೆ ಅವರ ಖರ್ಚನ್ನು ಬೇರೆ ಯಾರೋ ಕೊಡುತ್ತಾರೆ. ಕೊಟ್ಟವರ ಮಾತು ಅವರು ಕೇಳುತ್ತಾರೆ. ಇದರಲ್ಲಿ ಆಶ್ಚರ್ಯ ಏನಿದೆ?

ಕಳೆದ ವಾರ ಮತದಾರರ ನೋಂದಣಿ ಅರ್ಜಿ ತುಂಬಿದೆ. ಹತ್ತು ನಿಮಿಷ ಹಿಡಿಯಿತು. ಹನ್ನೊಂದು ವರ್ಷ ಇಲ್ಲದ ಪುರುಸೊತ್ತು ಅಂದರೆ ಇಷ್ಟೇ. ಮುಂದಿನ ಭಾನುವಾರ ಚಹಾಕ್ಕೆ ಬರುವವರು ಗೌಡರನ್ನು ನೆನೆಯುವ ಮೊದಲು ಮತದಾರರ ಚೀಟಿ ತೋರಿಸಲಿ. ಚಹಾದ ದುಡ್ಡು ನನ್ನದು.