ಅಕ್ಷರಕ್ಕೆ ಒಬ್ಬನೇ ಒಡೆಯನಾಗಬಾರದು

ಕೋಡ್ಲಾ ಗ್ರಾಮವಿರುವ ಸೇಡಂ ತಾಲೂಕಿನಲ್ಲಿಯೇ ಮಳಖೇಡವಿದೆ. ರಾಷ್ಟ್ರಕೂಟರ ಆ ಮಾನ್ಯಖೇಟದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ನೃಪತುಂಗನ ಆಸ್ಥಾನದಲ್ಲಿ ಕವಿರಾಜಮಾರ್ಗವು ಮೂಡಿತು. ಅದು ಓಲೆಯಿಂದ ಓಲೆಗೆ ಪ್ರತಿಯಾಗಿ ಉಳಿದುಬಂದಿತು. ಲಿಪಿ ಬಲ್ಲವನು ಓದಬಹುದಿತ್ತು. ಓಲೆ ಮಾರಿದವನ ಅಪ್ಪಣೆ ಬೇಕಿರಲಿಲ್ಲ.

ಗಣಕಯಂತ್ರದ ಕಾಲದಲ್ಲಿ ಈ ಸ್ವಾತಂತ್ರ್ಯಕ್ಕೆ ಕುಂದುಂಟಾಯಿತು. ಯಂತ್ರವನ್ನು ನಡೆಯಿಸುವ ಮೂಲ ತಂತ್ರಾಂಶಕ್ಕೆ ಕಾರ್ಯಾಚರಣ ವ್ಯವಸ್ಥೆಯೆಂದು ಹೆಸರು. ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ 1990ರ ದಶಕದಲ್ಲಿ ಈ ಕ್ಷೇತ್ರವನ್ನು ಬಹುಮಟ್ಟಿಗೆ ವ್ಯಾಪಿಸಿತು. ಅಮೆರಿಕ ಸರ್ಕಾರವು 1998ರಲ್ಲಿ ಆ ಸಂಸ್ಥೆಯ ಮೇಲೆ ದಾವೆ ಹೂಡಿತು. ಸಂಸ್ಥೆಯನ್ನು ಇಬ್ಭಾಗ ಮಾಡಬೇಕೆಂಬ 2000ದ ಆದೇಶವನ್ನು ಮೇಲಿನ ನ್ಯಾಯಾಲಯ ಮರುವರ್ಷ ರದ್ದುಪಡಿಸಿತು. ಆದರೆ ಏಕಸ್ವಾಮ್ಯವನ್ನು ಅಕ್ರಮ ಮಾರ್ಗದಿಂದ ಕಾಪಾಡಿಕೊಂಡಿತೆಂಬ ನಿರ್ಣಯವನ್ನು ಎತ್ತಿಹಿಡಿಯಿತು.

ದೂರದ ಈ ವ್ಯಾಜ್ಯಕ್ಕೂ ಕನ್ನಡಕ್ಕೂ ಸಂಬಂಧವುಂಟು. ಶೇಷಾದ್ರಿವಾಸು ಅವರ ‘ಬರಹ’, ಕನ್ನಡ ಗಣಕ ಪರಿಷತ್ತಿನ ‘ನುಡಿ’ — ಇವುಗಳ ಉಪಕಾರ ಮರೆಯುವಂಥದಲ್ಲ. ಆದರೆ ಎರಡೂ ವಿಂಡೋಸನ್ನು ಆಶ್ರಯಿಸಿಯೇ ಬೆಳೆದವು. ಅವುಗಳ ಹಳೆಯ ಕಡತಗಳನ್ನು ತಕ್ಕ ಅಕ್ಷರಶೈಲಿಯಿಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ಗುರುತುಗಳು ಕಾಣುತ್ತವೆ. ಎಲ್ಲ ವ್ಯವಸ್ಥೆಗಳಲ್ಲಿಯೂ ಅಕ್ಷರಕ್ಕೆ ಒಂದೇ ಸಂಕೇತವನ್ನಿತ್ತ ಯೂನಿಕೋಡ್ ಈ ದೋಷಕ್ಕೆ ಪರಿಹಾರವಾಯಿತು.

ವಿಂಡೋಸಿಗೆ ಪ್ರತಿಸ್ಪರ್ಧಿಯಾದ ಲಿನಕ್ಸನ್ನು 1991ರಲ್ಲಿ ಆರಂಭಿಸಿದವನು ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್. ಅದರ ಮೂಲ ಬರಹ ಎಲ್ಲರಿಗೂ ತೆರೆದಿದೆ. ಯಾರೂ ನಕಲಿಸಬಹುದು, ತಿದ್ದಬಹುದು. ಸ್ವಯಂಸೇವಕರು ಅದರ ಮೇಲೆ ನಡೆಯುವ ತಂತ್ರಾಂಶಗಳಿಗೆ ಕನ್ನಡವನ್ನು ತಂದಿದ್ದಾರೆ. ನೆರೆಯ ಕೇರಳವು ತನ್ನ ಸರ್ಕಾರಿ ಶಾಲೆಗಳಲ್ಲಿ ಇದನ್ನೇ ನೆಲೆಗೊಳಿಸಿತು.

ಈ ವಿಚಾರ ದಾನಿಗಳಿಗೂ ಸಂಬಂಧಿಸಿದ್ದು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಸಂಸ್ಥೆಯ ಸಾಮಾನ್ಯ ಬೆಂಬಲ ನಿಂತಿತು. ಅನೇಕ ಹಳೆಯ ಯಂತ್ರಗಳು ವಿಂಡೋಸ್ 11ರ ನಿಬಂಧನೆಗೆ ಒಗ್ಗುವುದಿಲ್ಲ. ದಾನದ ಹಣದಿಂದ ಬಂದ ಯಂತ್ರವು ಕೆಡದೆಯೂ ಮೂಲೆ ಸೇರಬೇಕೆ? ಲಿನಕ್ಸ್ ಹಾಕಿದರೆ ಅಂಥ ಎಷ್ಟೋ ಯಂತ್ರಗಳು ಇನ್ನೂ ಹಲವು ವರ್ಷ ಮಕ್ಕಳಿಗೆ ಒದಗಿಯಾವು.

ನಾಳೆ ಸೇಡಂ, ವಾಡಿಗಳ ಸಿಮೆಂಟ್ ಕಾರ್ಖಾನೆಗಳಲ್ಲಿ ಉದ್ಯೋಗ ಬಯಸುವ ಹುಡುಗನಿಗೆ ವಿಂಡೋಸ್ ತಿಳಿದಿರಬೇಡವೇ ಎಂಬ ಆಕ್ಷೇಪ ಸಲ್ಲುವಂಥದೇ. ಆದುದರಿಂದ ಒಂದನ್ನು ಬಿಟ್ಟು ಇನ್ನೊಂದನ್ನಲ್ಲ, ಎರಡನ್ನೂ ಕಲಿಸಬೇಕು. ಒಂದೇ ವ್ಯವಸ್ಥೆಯ ಗುಂಡಿಗಳನ್ನು ಬಾಯಿಪಾಠ ಮಾಡಿದವನು ವ್ಯವಸ್ಥೆ ಬದಲಾದೊಡನೆ ಕಂಗೆಡುತ್ತಾನೆ. ತತ್ತ್ವವನ್ನರಿತವನು ಯಾವ ಯಂತ್ರದ ಮುಂದೆಯೂ ಕುಳಿತಾನು. ವ್ಯಾಕರಣ ಬಲ್ಲವನಿಗೆ ಹೊಸ ಕಾವ್ಯ ಹೆದರಿಕೆಯಲ್ಲ.

ಶಾಲೆಯ ದಾಖಲೆಗಳು ಯೂನಿಕೋಡಿನಲ್ಲಿರಲಿ; ಗಣಕ ಕೊಠಡಿಯ ಕೆಲವು ಯಂತ್ರಗಳಲ್ಲಾದರೂ ಲಿನಕ್ಸ್ ನಡೆಯಲಿ. ಇಂದು ಮಕ್ಕಳು ಬರೆದ ಕನ್ನಡವನ್ನು ನಾಳಿನವರು ಯಾವ ವರ್ತಕನ ಅಪ್ಪಣೆಯನ್ನೂ ಕೇಳದೆ ಓದುವಂತಾಗಬೇಕು.